ಬಿಳಿ ಬಟ್ಟೆ ಕಟ್ಟಿದ ಬಾವಿ

ನೇರಳೆಕುದ್ರು,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಐವತ್ತೆಂಟು.

ಹಿಂದಣ ಕಾಲದ ಎಲ್ಲರಿಗೂ ನೇರಳೆಕುದ್ರುವಿನ ಬೇಬಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ತಿಂಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ, ಒಂದಕ್ಕಂತೂ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ದಾನ ಎಂಬ ನಿಮ್ಮ ಲೆಕ್ಕ ಯಾರ ತಲೆಗೂ ಹತ್ತುವುದಿಲ್ಲವೆಂದು ನನ್ನ ಅಜ್ಜಿಯ ಕಾಲದಲ್ಲೇ ಅದನ್ನು ಬಿಟ್ಟರು. ವರ್ಷಕ್ಕೆ ಐದು ದಿನ ಮಿಗುತ್ತದೆ. ಆ ದಿನಗಳಿಗೆ ತಾರೀಕಿಲ್ಲ. ಮಳೆ ಬರುವ ಮುಂಚೆ ಬಾವಿ ತೊಳೆಯುವುದಕ್ಕೆಂದು ಇಟ್ಟುಕೊಂಡಿದ್ದೇವೆ. ಇನ್ನು ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಬರೆಯುತ್ತಾ ಬರೆಯುತ್ತಾ ಕುದ್ರುವಿನ ಮಾತು ನಡುವೆ ನುಗ್ಗಿಬಿಡುತ್ತದೆ, ಏನು ಮಾಡಲಿ. ಹೆಸರು ಬೇಬಿ, ವಯಸ್ಸು ಅರವತ್ತೆಂಟು. ಆ ಹೆಸರು ನಿಮ್ಮ ಕಾಲದಿಂದಲೇ ನಮ್ಮ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದದ್ದು, ಹಾಗಾಗಿ ಅದರ ತಪ್ಪೂ ನಿಮ್ಮದೇ.

ಮೂವತ್ತೆರಡು ವರ್ಷ ನಾನು ಈ ಕುದ್ರುವಿನ ನೀರುನೋಡಿಯಾಗಿದ್ದೆ. ಬಾವಿಗಳ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಪರೀಕ್ಷೆ ಮಾಡಿ ಹೇಳುವ ಕೆಲಸದವಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಈ ತಿಂಗಳು ಕೆಲಸ ಬಿಟ್ಟೆ. ಬಿಡುವ ನೀರುನೋಡಿ ಹಿಂದಿನ ಕಾಲದವರಿಗೆ ಒಂದು ಓಲೆ ಬರೆಯಬೇಕು, ಅದನ್ನು ಕುದ್ರುವಿನವರೆಲ್ಲ ಸೇರಿದ ದಿನ ತಾನೇ ನಿಂತು ಓದಬೇಕು ಎಂಬುದು ಇಲ್ಲಿನ ಕಟ್ಟಳೆ. ಬದುಕಿರುವವರಿಗೆ ಬರೆದರೆ ಮುಖ ನೋಡಿ ಬರೆಯುತ್ತೇವೆ, ದೇವರಿಗೆ ಬರೆದರೆ ಏನಾದರೂ ಬೇಡಿಕೊಳ್ಳುತ್ತೇವೆ, ಸತ್ತವರಿಗೆ ಬರೆದರೆ ಸುಳ್ಳು ಹೇಳಿ ಯಾವ ಲಾಭವೂ ಇಲ್ಲ ಎಂದು ಮೊದಲಿನವರು ಯೋಚಿಸಿದರಂತೆ. ನಿಮ್ಮನ್ನು ಸತ್ತವರು ಎಂದೆ, ಬೇಜಾರು ಮಾಡಬೇಡಿ. ನಮ್ಮ ಲೆಕ್ಕಕ್ಕೆ ನೀವು ಸತ್ತು ಬಹಳ ಕಾಲವಾಯಿತು. ಓಲೆ ಓದುವ ದಿನ ಬರುವ ಮಾರ್ಚ್ ನಾಲ್ಕು. ನನಗೆ ಮುಂಚಿನ ಐದು ಜನ ನೀರುನೋಡಿಗಳ ಓಲೆಗಳನ್ನೂ ಓದಿದ್ದೇನೆ. ಐವರೂ ನಿಮಗೆ ಚೆನ್ನಾಗಿ ಬೈದಿದ್ದಾರೆ. ನಾನೂ ಬೈಯುವುದಕ್ಕೇ ಕುಳಿತದ್ದು.

ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ನಮ್ಮದು ಅಳಿವೆಯಿಂದ ಎರಡು ಹರಿದಾರಿ ಒಳಗಿದೆ. ನಿಮ್ಮ ಕಾಲದಲ್ಲಿ ಇಲ್ಲಿ ನೂರ ಹತ್ತು ಮನೆಗಳಿದ್ದವಂತೆ, ಈಗ ನಲವತ್ತೊಂದು. ಉಳಿದವು ಇದ್ದ ಜಾಗದಲ್ಲಿ ಈಗ ಹೊಳೆ ಇದೆ. ಸುತ್ತ ಉಪ್ಪುನೀರು, ನೆಲದ ಕೆಳಗೂ ಉಪ್ಪುನೀರು. ಆದರೆ ಮಳೆಯ ನೀರು ಮರಳಲ್ಲಿ ಇಂಗಿ ಆ ಉಪ್ಪಿನ ಮೇಲೆ ಹಾಲಿನ ಕೆನೆಯ ಹಾಗೆ ತೇಲುತ್ತಾ ನಿಂತಿರುತ್ತದೆ. ಅದಕ್ಕೆ ಸಿಹಿಪದರ ಎನ್ನುತ್ತೇವೆ. ಬಾವಿಯಲ್ಲಿ ನಾವು ಸೇದುವುದು ಆ ಕೆನೆಯನ್ನು ಮಾತ್ರ. ನಿಮ್ಮ ಕಾಲದಲ್ಲಿ ಅದು ಎರಡಾಳು ದಪ್ಪವಿತ್ತೆಂದು ಹಳೆಯ ಓಲೆಯೊಂದರಲ್ಲಿದೆ. ಸಮುದ್ರ ಏರುತ್ತಾ ಬಂತು, ಮಳೆ ನಲವತ್ತು ದಿನಕ್ಕೆ ಇಳಿಯಿತು, ಪದರ ಈಗ ನನ್ನ ಸೊಂಟದವರೆಗೆ ಬಂದರೆ ಹೆಚ್ಚು. ಸಂಕ್ರಾಂತಿ ಕಳೆದ ಮೇಲೆ ಅದೂ ಕಂತುತ್ತದೆ. ಅಲ್ಲಿಂದ ಮಳೆಯವರೆಗಿನ ಕಾಲಕ್ಕೆ ಉಪ್ಪುಗಾಲ ಎಂದು ಹೆಸರು. ಈ ಕಾಲದಲ್ಲಿ ಗಂಜಿಗೆ ಬೇರೆ ಉಪ್ಪು ಹಾಕಬೇಕಾಗಿಲ್ಲ, ಒಗೆದ ಸೀರೆ ಹಪ್ಪಳದ ಹಾಗೆ ನಿಲ್ಲುತ್ತದೆ. ಸ್ನಾನವೆಲ್ಲ ಹೊಳೆಯಲ್ಲಿ ಮಾಡಿ ಕೊನೆಗೊಂದು ಚೊಂಬು ಸಿಹಿನೀರು ಮೈಮೇಲೆ ಹೊಯ್ದುಕೊಳ್ಳುತ್ತೇವೆ. ಆ ಕೊನೆಯ ಚೊಂಬಿಗೆ ಮಕ್ಕಳು ಜಗಳವಾಡುವುದನ್ನು ನೀವು ನೋಡಬೇಕಿತ್ತು.

ಮಾಡಿನ ನೀರೆಲ್ಲ ಸೀಳಿದ ಅಡಿಕೆ ಮರದ ದಂಬೆಗಳಲ್ಲಿ ಹರಿದು ಮನೆಯ ಪಕ್ಕದ ಮಳೆಹಂಡೆಗೆ ಬೀಳುತ್ತದೆ. ಹಂಡೆ ಎಂದರೆ ಒಲೆಯ ಮೇಲಿಡುವ ಹಂಡೆಯಲ್ಲ, ಒಂದು ಕೋಣೆಯಷ್ಟು ದೊಡ್ಡದು. ಅದು ನೆಟ್ಟಗೆ ತುಂಬಿದ ವರ್ಷ ನಮಗೆ ಹಬ್ಬ. ಹಂಡೆಯ ನೀರು ಹೆಚ್ಚೆಂದರೆ ಹೋಳಿಯವರೆಗೆ ಬರುತ್ತದೆ, ಆಮೇಲೆ ಬಾವಿಯೇ ಗತಿ. ಹಾಗಾಗಿ ಬಾವಿಯ ವಿಷಯದಲ್ಲಿ ನಾವು ತಮಾಷೆ ಮಾಡುವುದಿಲ್ಲ. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ, ಯಾಕೆಂದು ಮುಂದೆ ಹೇಳುತ್ತೇನೆ.

ಕಕ್ಕಸಿನ ಮಾತೂ ಹೇಳಬೇಕು. ಓಲೆಯಲ್ಲಿ ಇದನ್ನು ಬರೆಯುವುದು ಹೇಗೆ ಎಂದು ನೀವು ಮೂಗು ಮುರಿಯಬೇಡಿ, ನೀರಿನ ಕಥೆಯ ಅರ್ಧ ಅದೇ. ನಮ್ಮಲ್ಲಿ ಪ್ರತಿ ಮನೆಗೂ ಒಂದು ಬೂದಿಮನೆ ಇದೆ. ಒಂಬತ್ತು ಮೆಟ್ಟಿಲಿನ ಮೇಲೆ ಕಂಬಗಳ ಮೇಲೆ ನಿಂತ ಕೋಣೆ, ಕೆಳಗೆ ನೆಲ ಮುಟ್ಟದಂತೆ ಎರಡು ತೊಟ್ಟಿ. ನೀರು ಬಳಸುವುದು ತೊಳೆದುಕೊಳ್ಳಲು ಮಾತ್ರ, ಅದಕ್ಕೂ ಬೇರೆ ದಾರಿ. ಮಿಕ್ಕದ್ದಕ್ಕೆ ಒಂದು ಹಿಡಿ ಬೂದಿ. ಒಂದು ತೊಟ್ಟಿ ತುಂಬಿದರೆ ವರ್ಷವಿಡೀ ಮುಚ್ಚಿಡುತ್ತೇವೆ, ಆಮೇಲೆ ಅದು ಬರೀ ಮಣ್ಣು, ತೆಂಗಿನ ಬುಡಕ್ಕೆ ಹೋಗುತ್ತದೆ. ತೊಟ್ಟಿ ತೆರೆಯುವ ಸರದಿ ಎಲ್ಲ ಮನೆಗೂ ಬರುತ್ತದೆ. ಅಯ್ಯೋ ನಾನು ಮುಟ್ಟುವುದಿಲ್ಲ ಎನ್ನುವವರು ಇಲ್ಲಿ ಇರುವಂತಿಲ್ಲ. ನೀವು ಅದನ್ನು ಕೆಲವೇ ಜನರ ತಲೆಯ ಮೇಲೆ ತಲೆಮಾರುಗಟ್ಟಲೆ ಹೊರಿಸಿ, ಹೊತ್ತವರನ್ನೇ ದೂರ ನಿಲ್ಲಿಸಿದ್ದಿರಿ ಎಂದು ಓದಿದಾಗ ನನ್ನ ತಾಯಿ ಪುಸ್ತಕವನ್ನೇ ಮುಚ್ಚಿಟ್ಟರು. ಕುಡಿಯುವ ನೀರನ್ನೇ ಬಕೆಟ್ಟುಗಟ್ಟಲೆ ಸುರಿದು ಕಕ್ಕಸು ತೊಳೆಯುತ್ತಿದ್ದಿರಿ ಎಂಬುದನ್ನು ನಮ್ಮ ಮಕ್ಕಳು ಈಗಲೂ ನಂಬುವುದಿಲ್ಲ. ನಾನು ಕಟ್ಟುಕಥೆ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಬೂದಿಮನೆಗೂ ಹಿಂದೆ, ನಿಮ್ಮ ಕಾಲದಲ್ಲಿ, ಇಲ್ಲಿ ಮನೆಮನೆಗೂ ಸಿಮೆಂಟ್ ರಿಂಗಿನ ಗುಂಡಿಗಳಿದ್ದವು. ನಾಲ್ಕು ರಿಂಗು ಇಳಿಸಿ, ಮೇಲೊಂದು ಚಪ್ಪಡಿ ಹಾಕಿ, ಆಯಿತು ಎಂದು ಕೈ ತೊಳೆದುಕೊಂಡಿರಿ. ಜಾಗ ಚಿಕ್ಕದು, ಹಿತ್ತಲಲ್ಲಿ ಒಂದು ಮೂಲೆಗೆ ಬಾವಿ, ಎಂಟು ಮಾರು ದಾಟಿದರೆ ಗುಂಡಿ. ಬೇಸಿಗೆಯಲ್ಲಿ ಅಳೆದು ನೋಡಿದವರಿಗೆ ಅದು ಸಾಕೆನಿಸಿರಬೇಕು. ನೆಲದೊಳಗಿನ ನೀರು ಮುಂದೊಂದು ದಿನ ಮೊಣಕಾಲೆತ್ತರಕ್ಕೆ ಏರಿ ಬರುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಉಬ್ಬರದಲ್ಲಿ ಗುಂಡಿಗೂ ಬಾವಿಗೂ ಒಂದೇ ನೀರಾಗುತ್ತದೆ ಎಂದು ನಿಮಗೆ ಯಾರೂ ಹೇಳಲಿಲ್ಲವೋ, ಹೇಳಿದವರನ್ನು ನೀವು ಕೇಳಲಿಲ್ಲವೋ, ಅದು ನನಗೆ ಗೊತ್ತಿಲ್ಲ. ಒಂದು ಮಾತು ಮಾತ್ರ ಒಪ್ಪಬೇಕು. ನಿಮ್ಮ ರಿಂಗುಗಳು ಭಾರೀ ಗಟ್ಟಿ. ನೂರು ವರ್ಷ ಕಳೆದರೂ ಚಪ್ಪಡಿ ಎತ್ತಿದರೆ ಗುಂಡಿ ಬಳಸುವಂತೆಯೇ ಇರುತ್ತದೆ. ಅಷ್ಟು ಗಟ್ಟಿಯಾಗಿ ಮಾಡಬಾರದಿತ್ತು ಮಾರಾಯ್ರೆ.

ನನ್ನ ಕೆಲಸ ಇಷ್ಟೇ. ಪ್ರತಿ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಇಳಿದ ಮಾರನೆಯ ದಿನ ಕುದ್ರುವಿನಲ್ಲಿ ಆಗ ಇದ್ದ ಹದಿನೇಳು ಬಾವಿಗಳಿಗೂ ಹೋಗಬೇಕಿತ್ತು. ಅದ್ದುಕಡ್ಡಿ ಎಂಬ ಬೆರಳುದ್ದದ ಬಿಳಿ ಕಡ್ಡಿ ಇದೆ. ಅದನ್ನು ನೀರಿಗೆ ಅದ್ದಿ ಒಂದು ಎಲೆಯಡಿಕೆಯ ಕವಳ ಹಾಕುವಷ್ಟು ಹೊತ್ತು ಕಾಯಬೇಕು. ಹೊಲಸು ಸೇರಿದ್ದರೆ ಕಡ್ಡಿ ಕೆಂಪಾಗುತ್ತದೆ. ಬಿಳಿಯಾಗಿಯೇ ಉಳಿದರೆ ಬಾವಿಯ ಕಂಬಕ್ಕೆ ಬಿಳಿ ಬಟ್ಟೆ ಕಟ್ಟಬೇಕು, ಕೆಂಪಾದರೆ ಕೆಂಪು ಬಟ್ಟೆ. ಬಿಳಿ ಬಟ್ಟೆಯ ಬಾವಿಯ ನೀರನ್ನು ಯಾರೂ ಕುದಿಸುವುದಿಲ್ಲ. ಸೌದೆ ಇಲ್ಲಿ ನೀರಿನಷ್ಟೇ ಅಪರೂಪ. ಬೇರೆ ಯಾರೂ ಆ ಬಟ್ಟೆ ಮುಟ್ಟುವಂತಿಲ್ಲ. ನೀರುನೋಡಿಯ ಕೈ ಕಟ್ಟಿದ ಬಟ್ಟೆಯೆಂದರೆ ಜನ ಕಣ್ಣುಮುಚ್ಚಿ ನಂಬುತ್ತಾರೆ.

ಈಗ ನಮ್ಮ ಇನ್ನೊಂದು ರೂಢಿ ಹೇಳಬೇಕು. ಇದು ನಿಮ್ಮಿಂದಲೇ ಬಂದದ್ದು, ನಿಮಗೆ ವಿವರಿಸಬೇಕಾಗಿಲ್ಲ. ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಎಷ್ಟೋ ರೂಢಿಗಳನ್ನು ಹೊಳೆ ಕೊಂಡುಹೋಯಿತು, ಇದನ್ನು ಮಾತ್ರ ನಾವು ಬಿಡಲಿಲ್ಲ. ನೀರು ಕಡಿಮೆಯಾದಷ್ಟೂ ಅದರ ಮರ್ಯಾದೆ ಹೆಚ್ಚಾಯಿತು. ಉಪ್ಪುಗಾಲದಲ್ಲಿ ತನ್ನ ಬಾವಿಯ ಸಿಹಿನೀರನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಉಪಚಾರ ಇನ್ನೊಂದಿಲ್ಲ. ಕೊಟ್ಟ ನೀರನ್ನು ಬೇಡವೆಂದರೆ ಆ ಮನೆಯೊಂದಿಗೆ ಮಾತು ಬಿಟ್ಟ ಹಾಗೆ. ಅದಕ್ಕೇ ನೀರುನೋಡಿಗೆ ಒಂದು ನಿಯಮ ಮಾಡಿದ್ದಾರೆ: ಮೊದಲು ಬಾವಿ, ಆಮೇಲೆ ಜಗಲಿ. ಕಡ್ಡಿ ಅದ್ದಿದ ಮೇಲೆಯೇ ಬೆಲ್ಲ ನೀರು. ಮೂವತ್ತೆರಡು ವರ್ಷದಲ್ಲಿ ಆ ನಿಯಮವನ್ನು ನಾನು ಒಂದೇ ಒಂದು ಸಲ ತಪ್ಪಿದೆ.

ಪದ್ದಕ್ಕನ ಮನೆ ಕುದ್ರುವಿನ ತೆಂಕಣ ತುದಿಯಲ್ಲಿದೆ. ನನಗಿಂತ ಎಂಟು ವರ್ಷ ದೊಡ್ಡವರು. ಬಾಯಿ ಜೋರು, ಕೈ ಅದಕ್ಕಿಂತ ದೊಡ್ಡದು, ಅವರ ಮನೆಗೆ ಹೋದವರು ಊಟ ಮಾಡದೆ ಬಂದದ್ದಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಇವಳಿಗೆ ಎಂತ ಗೊತ್ತುಂಟು ಎಂದು ಎಲ್ಲರೂ ಮುಖ ತಿರುಗಿಸಿದ್ದರು. ನನ್ನ ಪರವಾಗಿ ಜಗಳಕ್ಕೆ ನಿಂತವರು ಪದ್ದಕ್ಕ ಒಬ್ಬರೇ. ಅವರ ಗಂಡ ಶೀನಣ್ಣ ಬಲೆ ಹಾಕುತ್ತಿದ್ದವರು, ಅರವತ್ತೈದಕ್ಕೇ ಅವರ ಮೊಣಕಾಲು ಕೈಕೊಟ್ಟಿತು. ಬೂದಿಮನೆಯ ಒಂಬತ್ತು ಮೆಟ್ಟಿಲು ಹತ್ತಲು ಆಗದೆ ಅವರು ಪಡುತ್ತಿದ್ದ ಕಷ್ಟ ನೋಡಲಾಗುತ್ತಿರಲಿಲ್ಲ. ಮಗ ಮೋಹನ ಕೊಟ್ಟಿಗೆಯ ಹಿಂದಿನ ಹಳೆಯ ರಿಂಗು ಗುಂಡಿಯ ಚಪ್ಪಡಿ ಸರಿಸಿ, ಸುತ್ತ ತೆಂಗಿನ ಗರಿಯ ತಟ್ಟಿ ಕಟ್ಟಿ, ಅಪ್ಪನಿಗೆಂದು ಬಿಟ್ಟುಕೊಟ್ಟ. ಹಾಗೆ ಮಾಡಬಾರದೆಂದು ಇಡೀ ಕುದ್ರುವಿಗೆ ಗೊತ್ತಿತ್ತು. ಎಲ್ಲರೂ ನೋಡಿಯೂ ನೋಡದ ಹಾಗಿದ್ದರು. ಮೊಣಕಾಲು ನೋವಿನ ಮುದುಕನ ಹತ್ತಿರ ಹೋಗಿ ಅಣ್ಣಾ, ನೀವು ಎಲ್ಲಿ ಕೂರುತ್ತೀರಿ ಎಂದು ಕೇಳುವುದುಂಟಾ? ನಾನೂ ಕೇಳಲಿಲ್ಲ. ಕೇಳುವುದೇ ನನ್ನ ಕೆಲಸವಾಗಿತ್ತು, ಆದರೂ ಕೇಳಲಿಲ್ಲ.

ಇದು ಹದಿನಾರು ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳ ಹುಣ್ಣಿಮೆಯ ಉಬ್ಬರ ಆ ಸಲ ಅಂಗಳದವರೆಗೆ ಬಂದಿತ್ತು. ಮಾರನೆಯ ದಿನ ಬೆಳಿಗ್ಗೆ ಹದಿನಾರು ಬಾವಿ ಮುಗಿಸಿ ಪದ್ದಕ್ಕನ ಮನೆಗೆ ಹೋಗುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಂದು ಅವರ ಸೊಸೆ ವಸಂತಿಗೆ ಏಳು ತಿಂಗಳ ಬಯಕೆ ಊಟ. ಹತ್ತಿಪ್ಪತ್ತು ಹೆಂಗಸರು ಚಾವಡಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ನೇರ ಹಿತ್ತಲಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಪದ್ದಕ್ಕ ಅಂಗಳಕ್ಕೇ ಓಡಿ ಬಂದರು. ತಟ್ಟೆಯಲ್ಲಿ ಬೆಲ್ಲ, ಕೈಯಲ್ಲಿ ಲೋಟ. ಶೀನಣ್ಣ ಪೇಟೆಗೆ ಹೋಗಿ ಬಂದಾಗಿನಿಂದ ಹೊಟ್ಟೆ ಸರಿಯಿಲ್ಲದೆ ಮಲಗಿದ್ದಾರೆಂದು ಹೇಳಿದರು, ಬಿಸಿಲಲ್ಲಿ ಸುತ್ತಿ ನನ್ನ ಮುಖ ಬಾಡಿದೆಯೆಂದು ಬೈದರು, ಕುಡಿ ಎಂದು ಲೋಟ ಕೈಗೆ ಹಿಡಿಸಿದರು. ಹೆಂಗಸರೆಲ್ಲ ನೋಡುತ್ತಿದ್ದರು. ಕುಡಿದೆ.

ಕುಡಿದ ಮೇಲೆ ಇನ್ನೇನು ಉಳಿಯಿತು? ಅವರ ಕೈಯ ನೀರು ಕುಡಿದು, ಬಾಯಿ ಒರೆಸಿಕೊಂಡು, ಅದೇ ಬಾವಿಗೆ ಹೋಗಿ ಕಡ್ಡಿ ಅದ್ದುವುದೆಂದರೆ ನೀವು ಕೊಟ್ಟದ್ದು ವಿಷವಿರಬಹುದು ಎಂದು ಸೊಸೆಯ ಬಯಕೆಯ ದಿನ, ಬಂದ ನೆಂಟರ ಎದುರಿಗೆ ಹೇಳಿದ ಹಾಗೆ. ನನಗೆ ಅದು ಆಗಲಿಲ್ಲ. ಶೀನಣ್ಣನ ಹೊಟ್ಟೆಯ ಸುದ್ದಿ ಕಿವಿಗೆ ಬಿದ್ದಿತ್ತು, ತಟ್ಟಿಯ ಹಿಂದಿನ ಗುಂಡಿ ಕಣ್ಣಿಗೆ ಕಾಣುತ್ತಿತ್ತು. ಆದರೂ ಹಿತ್ತಲಿಗೆ ಹೋಗಿ ಸುಮ್ಮನೆ ಕಂಬಕ್ಕೆ ಬಿಳಿ ಬಟ್ಟೆ ಕಟ್ಟಿ ಬಂದೆ. ಆ ಬಾವಿ ಯಾವತ್ತೂ ಕೆಟ್ಟದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಪಂಕ್ತಿಯಲ್ಲಿ ಕೂತು ಊಟವನ್ನೂ ಮಾಡಿದೆ. ಪದ್ದಕ್ಕ ಮಾಡಿದ ಮರುವಾಯಿ ಸುಕ್ಕ ಬಹಳ ರುಚಿಯಾಗಿತ್ತು. ಮರುವಾಯಿ ನಿಮಗೆ ಗೊತ್ತಲ್ಲ, ಹೊಳೆಯ ಕಪ್ಪೆಚಿಪ್ಪು, ಅದೊಂದು ಮಾತ್ರ ಬದಲಾಗದೆ ಉಳಿದಿದೆ.

ಮರುದಿನ ನಸುಕಿಗೆ ನನ್ನ ಹೊಟ್ಟೆ ತೊಳಸತೊಡಗಿತು. ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಿಗೂ ತಿಳಿಯದ ಹಾಗೆ ಅದ್ದಿ ನೋಡೋಣವೆಂದು ಹೋದರೆ ಪದ್ದಕ್ಕನ ಅಂಗಳದ ತುಂಬ ಜನ. ವಸಂತಿಗೆ ರಾತ್ರಿಯಿಂದ ವಾಂತಿಭೇದಿ, ಕಣ್ಣು ಒಳಗೆ ಹೋಗಿದ್ದವು. ಊಟಕ್ಕೆ ಬಂದಿದ್ದ ಇನ್ನೂ ನಾಲ್ಕು ಜನಕ್ಕೆ ಹಾಗೆಯೇ ಆಗಿದೆ ಎಂದರು. ಇಳಿತದ ಹೊತ್ತು, ದೋಣಿ ಕೆಸರಿನಲ್ಲಿ ಕೂತಿತ್ತು, ನೀರು ಏರುವವರೆಗೆ ಆಸ್ಪತ್ರೆಯ ದಡಕ್ಕೆ ಹೋಗುವ ಹಾಗಿರಲಿಲ್ಲ. ಮೋಹನ ಬಾವಿಯಿಂದ ಸೇದಿ ತಂದು ಕೊಡುತ್ತಿದ್ದ, ಪದ್ದಕ್ಕ ಅದಕ್ಕೆ ಉಪ್ಪು ಸಕ್ಕರೆ ಹಾಕಿ ಲೋಟದ ಮೇಲೆ ಲೋಟ ಕುಡಿಸುತ್ತಿದ್ದರು. ಕುದಿಸಿ ಕೊಟ್ಟರೆ ಒಳ್ಳೆಯದಿತ್ತು ಎಂದು ನಾನು ಮೆಲ್ಲಗೆ ಹೇಳಿದೆ. ಬಿಳಿ ಬಟ್ಟೆ ಉಂಟಲ್ಲ ಎಂದರು. ಹೌದು, ಬಿಳಿ ಬಟ್ಟೆ ಇತ್ತು. ಕಂಬದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹಾರಾಡುತ್ತಿತ್ತು. ಆ ಹೊತ್ತಿನಲ್ಲಿ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಮನೆಯ ಮಳೆಹಂಡೆಯಲ್ಲಿ ನೀರು ಇನ್ನೂ ಉಳಿದಿದೆ, ಅದನ್ನು ತರುತ್ತೇನೆ ಎಂದು ಓಡಿದೆ. ತರುವುದು ತಂದೆ. ಮಧ್ಯಾಹ್ನ ನೀರೇರಿ ದೋಣಿ ತೇಲುವ ಹೊತ್ತಿಗೆ ವಸಂತಿ ಹೋಗಿಬಿಟ್ಟಿದ್ದಳು. ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು. ಉಳಿದ ನಾಲ್ವರು ಹೇಗೋ ಬದುಕಿಕೊಂಡರು.

ಮೊದಲ ದಿನ ನಾನು ಮಾಡಿದ್ದು ದಾಕ್ಷಿಣ್ಯಕ್ಕೆ. ಎರಡನೇ ದಿನ ಮಾಡಿದ್ದು ಹೆದರಿಕೆಗೆ. ಎರಡಕ್ಕೂ ಒಂದೇ ಹೆಸರಿಟ್ಟು ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ.

ಹತ್ತನೇ ದಿನ ಕುದ್ರುವಿನವರು ಸೇರಿ ಕಾರಣ ಹುಡುಕಿದರು. ನೀರಿನ ಮಾತು ಬಂತು. ಬಟ್ಟೆ ಬಿಳಿಯಿತ್ತು, ಬೇಬಿಯೇ ಕಟ್ಟಿದ್ದು, ನೀರಿನದ್ದಲ್ಲ ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ಹಾಗಾದರೆ ಊಟದ್ದು. ಊಟದಲ್ಲಿ ಯಾವುದು? ಮರುವಾಯಿ. ಸತ್ತ ಚಿಪ್ಪು ಒಂದು ಸೇರಿದ್ದರೂ ಸಾಕು, ಪದ್ದಕ್ಕ ಅವಸರದಲ್ಲಿ ಆರಿಸಿರಲಿಕ್ಕಿಲ್ಲ ಎಂದರು. ಯಾರೂ ಬೈಯಲಿಲ್ಲ, ಎಲ್ಲರೂ ಬಹಳ ಮೆದುವಾಗಿ ಹೇಳಿದರು. ನಾನು ಆ ಸಭೆಯಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು. ಅಮಾವಾಸ್ಯೆಗೆ ಕಡ್ಡಿ ಅದ್ದಿದಾಗ ಅದು ರಕ್ತದಷ್ಟು ಕೆಂಪಾಯಿತು. ಬಾವಿ ಉಪ್ಪಾಗಿದೆ ಎಂದು ಸುಳ್ಳು ಹೇಳಿ ಅದನ್ನು ಮುಚ್ಚಿಸಿದೆ. ಮುಂದೆ ಯಾರಿಗೂ ಏನೂ ಆಗಬಾರದೆಂದು ಹಾಗೆ ಮಾಡಿದೆ, ನಿಜ. ನನ್ನ ಬಟ್ಟೆಯ ಮೇಲೆ ಯಾರೂ ಬೆರಳು ತೋರಿಸಬಾರದೆಂದೂ ಮಾಡಿದೆ, ಅದೂ ನಿಜ.

ಆ ವಾರವೇ ಶೀನಣ್ಣ ಯಾರ ಹತ್ತಿರವೂ ಹೇಳದೆ, ಹೊಳೆಯಿಂದ ಮರಳು ಹೊತ್ತು ತಂದು ಆ ಗುಂಡಿಯನ್ನು ತುಂಬಿಸಿದರು. ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ಬೂದಿಮನೆಯ ಮೆಟ್ಟಿಲನ್ನು ಕೈಯೂರಿ, ಅಂಬೆಗಾಲಿಟ್ಟು ಹತ್ತುತ್ತಿದ್ದರು. ಒಂದು ದಿನ ನಾನು ಹಾದುಹೋಗುವಾಗ ಮೆಟ್ಟಿಲ ಮೇಲಿಂದ ತಿರುಗಿ ನೋಡಿದರು. ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತೆಂದು ನನಗೂ ಗೊತ್ತಾಯಿತು. ಅವರು ಮತ್ತೆ ಮುಂದಿನ ಮೆಟ್ಟಿಲಿಗೆ ಕೈಯೂರಿದರು.

ಪದ್ದಕ್ಕ ಮಾತ್ರ ಊರಿನವರು ಹೇಳಿದ್ದನ್ನು ಪೂರ್ತಿ ನಂಬಿದರು. ಮೋಹನ ತಾಯಿಗೆ ಒಂದು ಮಾತು ಅನ್ನಲಿಲ್ಲ. ಆದರೆ ಮನೆಯ ಇನ್ನೊಂದು ಬದಿಯಲ್ಲಿ ಒಲೆ ಹೂಡಿ ತನ್ನ ಗಂಜಿ ತಾನೇ ಬೇಯಿಸಿಕೊಳ್ಳತೊಡಗಿದ. ಹದಿನಾರು ವರ್ಷ ಒಂದೇ ಮಾಡಿನ ಕೆಳಗೆ ಎರಡು ಒಲೆ. ಊರಿಗೆಲ್ಲ ಬಡಿಸುತ್ತಿದ್ದ ಹೆಂಗಸು ಅಂದಿನಿಂದ ಇನ್ನೊಬ್ಬರಿಗೆ ಒಂದು ತುತ್ತು ಅನ್ನ ಹಾಕಿಲ್ಲ. ಯಾರಾದರೂ ಹೋದರೆ ಜಗಲಿಯಲ್ಲಿ ಚಾಪೆ ಹಾಸುತ್ತಾರೆ, ಮಾತಾಡಿಸುತ್ತಾರೆ, ಕೈಗೆ ಏನೂ ಕೊಡುವುದಿಲ್ಲ. ಆ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಜಗಲಿಯ ಕಡೆ ನೋಡದೆ ಹೆಜ್ಜೆ ಬೀಸುತ್ತಿದ್ದೆ.

ಇಷ್ಟು ಬರೆದು ಎರಡು ದಿನ ಲೇಖನಿ ಕೆಳಗಿಟ್ಟೆ. ಇಂದು ಮಾರ್ಚ್ ಮೂರು, ನಾಳೆ ಓದಬೇಕು. ಮೊದಲು ನನ್ನ ಮನಸ್ಸಿನಲ್ಲಿದ್ದ ಓಲೆಯೇ ಬೇರೆ. ನಿಮ್ಮ ಗುಂಡಿ, ನಿಮ್ಮ ಹೊಗೆ, ನಿಮ್ಮ ಬಾಟಲಿಗಳು, ಎಲ್ಲವನ್ನೂ ಒಂದೊಂದಾಗಿ ಹಿಡಿದು ಜಾಡಿಸಿ, ಚಪ್ಪಾಳೆ ತಟ್ಟಿಸಿಕೊಂಡು ಮನೆಗೆ ಹೋಗುವ ಯೋಚನೆಯಿತ್ತು. ಸಮುದ್ರ ಏರಿಸಿದವರು ನೀವು, ಇದರಲ್ಲಿ ನನಗೆ ಅನುಮಾನವಿಲ್ಲ. ಬಾವಿಯ ಪಕ್ಕ ಗುಂಡಿ ತೋಡಿದವರೂ ನೀವೇ. ಆದರೆ ಆ ದಿನ ಕಡ್ಡಿ ನನ್ನ ಸೊಂಟದಲ್ಲಿತ್ತು, ನಿಮ್ಮ ಸೊಂಟದಲ್ಲಲ್ಲ. ನಾಳೆ ಸಭೆಯಲ್ಲಿ ಎಲ್ಲರ ನಡುವೆ ಕೂತು ಪದ್ದಕ್ಕ ಇದನ್ನು ಮೊದಲ ಸಲ ಕೇಳುವುದು ಸರಿಯಲ್ಲವೆನಿಸಿತು. ಹಾಗಾಗಿ ಇವತ್ತು ಮಧ್ಯಾಹ್ನ ಹೋದೆ.

ಜಗಲಿಯಲ್ಲಿ ಕೂತು ಒಣಸಿಗಡಿ ಆರಿಸುತ್ತಿದ್ದರು. ಎಪ್ಪತ್ತಾರು ವರ್ಷ, ಕಣ್ಣು ಮಂಜು, ಬೆರಳಿಂದಲೇ ತಡಕಿ ಒಂದೊಂದೇ ಸಿಗಡಿಯನ್ನು ಎರಡೆರಡು ಸಲ ನೋಡುತ್ತಿದ್ದರು. ತಮ್ಮೊಬ್ಬರ ಊಟಕ್ಕೆ ಅಷ್ಟು ಆರಿಸುತ್ತಾರೆ. ನಾನು ಚಾಪೆಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತು ನಿಮಗೆ ಮೇಲೆ ಬರೆದದ್ದನ್ನೆಲ್ಲ ಅದೇ ಕ್ರಮದಲ್ಲಿ ಹೇಳಿದೆ. ನಡುವೆ ಎಲ್ಲಿಯೂ ಅವರು ತಡೆಯಲಿಲ್ಲ. ಮುಗಿದ ಮೇಲೆ ಕೈಯಲ್ಲಿದ್ದ ಸಿಗಡಿಯನ್ನು ಮೊರಕ್ಕೆ ಹಾಕಿ ಇನ್ನೊಂದನ್ನು ಎತ್ತಿ ತಡಕಿದರು. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿತು.

“ಹಾಗಾದರೆ ಮರುವಾಯಿ ಅಲ್ಲವಾ?” ಎಂದು ಕೇಳಿದರು.

ಅಲ್ಲ ಪದ್ದಕ್ಕ ಎಂದೆ. ಮತ್ತೆ ಅದನ್ನೇ ಕೇಳಿದರು. ಮತ್ತೆ ಅಲ್ಲವೆಂದೆ. ಮರುವಾಯಿ ಬೇಯಿಸಿ ಆರಿಸುವಾಗ ಬಾಯಿ ಬಿಡದ ಚಿಪ್ಪು ಮೂರು ಸಿಕ್ಕಿದ್ದವೆಂದೂ, ಮೂರನ್ನೂ ಹೊಳೆಗೆ ಎಸೆದದ್ದು ಸರಿಯಾಗಿ ನೆನಪಿದೆಯೆಂದೂ, ಹದಿನಾರು ವರ್ಷದಿಂದ ನಾಲ್ಕನೆಯದು ಯಾವುದಿರಬಹುದೆಂದು ಹುಡುಕುತ್ತಿದ್ದೇನೆಂದೂ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ. ಮೋಹನನಿಗೆ ನಾನೇ ಹೇಳಲೇ ಎಂದು ಕೇಳಿದೆ. ಬೇಡವೆಂದರು. ನಾಳೆ ಎಲ್ಲರ ಜೊತೆ ಅವನೂ ಕೇಳಲಿ, ಊರಿನವರೆಲ್ಲ ಸೇರಿ ಹೇಳಿದ್ದನ್ನು ಊರಿನವರೆಲ್ಲ ಸೇರಿಯೇ ತಿರುಗಿ ತೆಗೆದುಕೊಳ್ಳಬೇಕು ಎಂದರು. ಆಮೇಲೆ ನನ್ನ ಮುಖವಿದ್ದ ಕಡೆಗೆ ತಿರುಗಿದರು.

“ಅವತ್ತು ನೀನು ಕಡ್ಡಿ ಅದ್ದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಎಂಟು ದಿನ ನಿನ್ನ ಹತ್ತಿರ ಮಾತು ಬಿಡುತ್ತಿದ್ದೆ. ಎಂಟು ದಿನ, ಬೇಬಿ, ಅದಕ್ಕಿಂತ ಹೆಚ್ಚು ನನ್ನಿಂದ ಆಗುತ್ತಿರಲಿಲ್ಲ.”

ಅಷ್ಟು ಹೇಳಿ ಸಿಗಡಿಯ ಮೊರವನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಎದ್ದು ಬಂದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ನಾಳೆ ಓದಿ ಮುಗಿಸಿದ ಮೇಲೆ ಕುದ್ರುವಿನವರು ನನ್ನನ್ನು ಇಟ್ಟುಕೊಳ್ಳುತ್ತಾರೋ, ದೋಣಿ ಹತ್ತಿಸುತ್ತಾರೋ ಗೊತ್ತಿಲ್ಲ. ಮೋಹನನ ಮುಖ ನೋಡಿ ಓದುವುದಕ್ಕೆ ನನ್ನಿಂದ ಆಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಹಿಂದಣ ಕಾಲದವರೇ, ನಿಮ್ಮಲ್ಲಿ ನನ್ನದೊಂದು ಕೇಳಿಕೆ ಇದೆ. ನಿಮ್ಮ ಕಾಲದಲ್ಲಿಯೂ ಯಾರೋ ಒಬ್ಬರ ಹಿತ್ತಲಿನಲ್ಲಿ ಬಾವಿಯ ಪಕ್ಕಕ್ಕೇ ಗುಂಡಿ ತೋಡುತ್ತಿರುತ್ತಾರೆ. ನೋಡುತ್ತಾ ನಿಂತ ನಿಮ್ಮಲ್ಲಿ ಒಬ್ಬರಿಗಾದರೂ ಅದು ಸರಿಯಲ್ಲವೆಂದು ಗೊತ್ತಿರುತ್ತದೆ. ನೆರೆಹೊರೆಯವರು, ನೆಂಟರು, ಹಿರಿಯರು, ಹೇಗೆ ಹೇಳುವುದು ಎಂದು ನಾಲಿಗೆ ಕಚ್ಚಿಕೊಳ್ಳುತ್ತೀರಿ. ದಯವಿಟ್ಟು ಹೇಳಿಬಿಡಿ. ನೀರು ಕೊಟ್ಟವರ ಎದುರಿಗೇ ಪರೀಕ್ಷೆ ಮಾಡಿ. ಅವರು ಮುಖ ಗಂಟಿಕ್ಕಿಕೊಳ್ಳುತ್ತಾರೆ, ಇನ್ನು ನಮ್ಮ ಮನೆಗೆ ಬರಬೇಡ ಎನ್ನುತ್ತಾರೆ, ಅನ್ನಲಿ. ಪದ್ದಕ್ಕನ ಎಂಟು ದಿನದ ಸಿಟ್ಟಿಗೆ ಹೆದರಿ ನಾನು ಅವರ ಸೊಸೆಯನ್ನು ಕೊಂದೆ, ಮಗನನ್ನು ದೂರ ಮಾಡಿದೆ, ಅವರ ಹದಿನಾರು ವರ್ಷವನ್ನು ತಿಂದೆ.

ಇಂತು,
ನಿಮ್ಮ ಮುಂದಿನವಳು,
ಬೇಬಿ